ಇಸಾರ ಪತ್ರದಾಗ ರಿಜಿಸ್ಟ್ರಿ ತಾರೀಖು ಬರೀಲಿ

ಸಂಪಾದಕರಿಗೆ ನಮಸ್ಕಾರರೀ,

ನಮ್ಮ ಕಲಬುರಗಿ ಕಡೆ ಪ್ಲಾಟ್ ತಗೊಳ್ಳೋವಾಗ ಇಸಾರ ಅಂದ್ರ ಮುಂಗಡ ರೊಕ್ಕ ಕೊಟ್ಟು ಬಾಂಡ್ ಪೇಪರ್ ಮ್ಯಾಲ ಸಹಿ ಹಾಕ್ತಾರ, ಆದ್ರ ರಿಜಿಸ್ಟ್ರಿ ಯಾವತ್ತು ಅನ್ನೋದನ್ನ ಭಾಳ ಮಂದಿ ಬರ್ಸಂಗಿಲ್ಲ. ನಾನೂ ಆಳಂದ ರೋಡ್ ಕಡೆ ಒಂದು ಪ್ಲಾಟಿಗೆ 2 ಲಕ್ಷ ಇಸಾರ ಕೊಟ್ಟೆ, ಪತ್ರದಾಗ "ಕಾಗದಪತ್ರ ಸರಿಯಾದ ಮೇಲೆ ನೋಂದಣಿ ಮಾಡಿಕೊಡಲಾಗುವುದು" ಅಂತ ಟೈಪ್ ಆಗಿತ್ತು, ಓದಿ ಹೇಳಿದಾಗ ಚಲೋನೇ ಅದ ಅನ್ನಿಸ್ತು. ಒಂದೂವರೆ ವರ್ಷ ಆತು. ಫೋನ್ ಮಾಡ್ದಾಗೊಮ್ಮೆ ಮಾರೋರು ಖಾತಾ ಬರಬೇಕ್ರಿ, ಅಣ್ಣನ ಸಹಿ ಆಗಬೇಕ್ರಿ, ಮುಂದಿನ ತಿಂಗಳು ನೋಡೋಣ್ರಿ ಅಂತಾರ, ಇಲ್ಲಿ ನನಗ ಮನಿ ಬಾಡಿಗಿನೂ ತಪ್ಪಿಲ್ಲ ಸಾಲದ ಬಡ್ಡಿನೂ ತಪ್ಪಿಲ್ಲ.

ವಕೀಲರನ್ನ ಕೇಳದ ಮ್ಯಾಲ ತಿಳೀತು, ತಾರೀಖು ಇಲ್ಲಂದ್ರ 1872ರ ಕರಾರು ಕಾಯ್ದೆ ಪ್ರಕಾರ ಸಮಂಜಸ ಕಾಲದಾಗ ಮಾಡಿಕೊಡಬೇಕು ಅಷ್ಟೇ, ಅದು ಎಷ್ಟು ದಿನ ಅನ್ನೋದು ಆಯಾ ಕೇಸ್ ನೋಡಿ ಹೇಳೋದು. ತಾರೀಖು ಇದ್ರ ಆ ದಿನದಿಂದ 3 ವರ್ಷದೊಳಗ ದಾವೆ ಹಾಕ್ಬೇಕು, ತಾರೀಖು ಇಲ್ಲದಿದ್ರ ಮಾರೋರು ಕೊಡಂಗಿಲ್ಲ ಅಂದದ್ದು ನಮಗ ಗೊತ್ತಾದ ದಿನದಿಂದ 3 ವರ್ಷ. ಆದ್ರ ಇವ್ರು ಒಲ್ಲೆ ಅಂತಾನೂ ಬಾಯಿ ಬಿಟ್ಟು ಅನ್ನಂಗಿಲ್ಲಲ್ರೀ! ಅದರ ಮ್ಯಾಲ ಇಸಾರ ಪತ್ರ ಒಂದರಿಂದ ಪ್ಲಾಟ್ ನಮ್ದಾಗಂಗಿಲ್ಲ, ರಿಜಿಸ್ಟ್ರಿ ಆದ್ರ ಮಾತ್ರ.

ಪತ್ರ ಟೈಪ್ ಮಾಡೋರಿಗೆ ಕೈ ಮುಗದು ಕೇಳ್ತೀನಿ, ತಾರೀಖಿನ ಜಾಗ ಖಾಲಿ ಬಿಡಬ್ಯಾಡ್ರಿ, ಆ ದಿನ ಆಗದಿದ್ರ ರೊಕ್ಕ ಎಷ್ಟು ದಿನದಾಗ ವಾಪಸ್ ಅಂತಾನೂ ಒಂದು ಸಾಲು ಹಾಕ್ರಿ. ನಾನು ಈ ವಾರ ವಕೀಲರ ನೋಟಿಸ್ ಕಳಸ್ಲಿಕತ್ತೀನಿ.

— ಒಬ್ಬ ಓದುಗ, ಕಲಬುರಗಿ