ಯುಡಿಆರ್ ಕಡತ ಮುಚ್ಚುವ ಮುನ್ನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಠಾಣೆಯ ಚಾರ್ಜ್ ತೆಗೆದುಕೊಂಡೆಯಂತೆ, ಸಂತೋಷ. ಕೊಲೆ, ದರೋಡೆ ಆದರೆ ಎಸ್ಪಿವರೆಗೆ ಎಲ್ಲರೂ ಬೆನ್ನಿಗೆ ಬೀಳುತ್ತಾರೆ, ಕಲಿಸುತ್ತಾರೆ ಕೂಡ. ನಾನು ಬರೆಯುತ್ತಿರುವುದು ಯಾರೂ ಕೇಳದ ಎರಡು ಕಡತಗಳ ಬಗ್ಗೆ. ಒಂದು ಅಪರಿಚಿತ ಶವದ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಇನ್ನೊಂದು ಹೆಣ್ಣುಮಗಳು ಕಾಣೆಯಾದ ದೂರು. ಸಯನೈಡ್ ಮೋಹನ ವರ್ಷಗಟ್ಟಲೆ ಬಚಾವಾಗಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಆ ಮೋಹನ್ ಕುಮಾರ್ ದಕ್ಷಿಣ ಕನ್ನಡದ ಒಬ್ಬ ಪ್ರಾಥಮಿಕ ಶಾಲಾ ಮೇಷ್ಟ್ರು. 2009ರವರೆಗೆ ಅವನ ಲೆಕ್ಕಕ್ಕೆ ಸೇರಿದ್ದು 20 ಯುವತಿಯರ ಸಾವು. ವರದಕ್ಷಿಣೆ ಹೊಂದಿಸಲಾಗದ ಮನೆಗಳ ಹುಡುಗಿಯರನ್ನೇ ಹುಡುಕುತ್ತಿದ್ದ. ಅವರ ಜಾತಿಯವನೇ ಎಂದು ಹೆಸರು ಬದಲಿಸಿಕೊಂಡು, ಏನೂ ಕೊಡುವುದು ಬೇಡ, ಮದುವೆಯಾಗೋಣ ಎಂದು ನಂಬಿಸಿ ದೂರದ ಊರಿನ ಲಾಡ್ಜಿಗೆ ಕರೆದೊಯ್ಯುತ್ತಿದ್ದ. ಮರುದಿನ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದ ಹಾಗೆ ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ಹುಡುಗಿ ಶೌಚಾಲಯದ ಚಿಲಕ ಹಾಕಿಕೊಂಡು ಅದನ್ನು ನುಂಗುತ್ತಿದ್ದಳು. ಇವನು ಲಾಡ್ಜಿಗೆ ಮರಳಿ ಚಿನ್ನ ಎತ್ತಿಕೊಂಡು ಹೋಗುತ್ತಿದ್ದ.

ಪೊಲೀಸರ ಕಣ್ಣು ಕಟ್ಟಿದ್ದು ಆ ಚಿಲಕ. ಒಳಗಿನಿಂದ ಹಾಕಿದೆ, ಹಾಗಾದರೆ ಆತ್ಮಹತ್ಯೆ ಎಂದು ಬರೆದು ಮುಗಿಸಿದರು. ಮೈಸೂರಿನ ಒಂದೇ ಬಸ್ ನಿಲ್ದಾಣದಲ್ಲಿ ಎಂಟು ಹೆಣ, ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಐದು. ಎಲ್ಲರೂ ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟವರು, ಮೈಮೇಲೆ ಚಿನ್ನದ ಎಳೆಯೂ ಇಲ್ಲ. ನಾಲ್ಕು ಕಡತ ಒಟ್ಟಿಗೆ ಬಿಡಿಸಿದ್ದರೆ ಸಾಕಿತ್ತು. ಆದರೆ ಹಳೇ ಯುಡಿಆರ್ ಬಿಡಿಸಲು ಯಾರಿಗೆ ಪುರುಸೊತ್ತು?

ಅದಕ್ಕೇ ಹೇಳುವುದು, ಶವ ಮಹಜರಿನಲ್ಲಿ ಇರುವುದರ ಜೊತೆ ಇಲ್ಲದ್ದನ್ನೂ ಬರೆಸು. ಕಿವಿ ಚುಚ್ಚಿದೆ, ಓಲೆ ಇಲ್ಲ. ಬೆರಳಲ್ಲಿ ಉಂಗುರದ ಗುರುತಿದೆ, ಉಂಗುರ ಇಲ್ಲ. ಪರ್ಸ್, ಮೊಬೈಲ್, ಬಸ್ ಟಿಕೆಟ್ ಇಲ್ಲ. ಸಾಯಲೆಂದೇ ಬಂದವಳು ಓಲೆ ಏಕೆ ಬಿಚ್ಚಿಟ್ಟಳು ಎಂದು ಕೇಳಿಕೊ. ರವಿಕೆಯನ್ನು ಒಳಮಗ್ಗುಲಾಗಿ ತಿರುಗಿಸಿ ನೋಡು. ಕತ್ತಿನ ಪಟ್ಟಿಯ ಹತ್ತಿರ ದರ್ಜಿಯ ಚೀಟಿ ಹೊಲಿದಿರುತ್ತದೆ, ಊರಿನ ಹೆಸರೂ ಅದರಲ್ಲೇ ಇರುವುದುಂಟು. ಅದನ್ನು ಕತ್ತರಿಸಬೇಡ, ಫೋಟೋ ತೆಗೆದು ಬಟ್ಟೆಯ ಸಮೇತ ಸೀಲ್ ಮಾಡಿಸು. ಮುಖದ ಫೋಟೋ ಎದುರಿನಿಂದ ಒಂದು, ಎಡಬಲದಿಂದ ಒಂದೊಂದು, ಇಡೀ ದೇಹದ್ದು ಅಳತೆ ಪಟ್ಟಿ ಇಟ್ಟು. ಹತ್ತೂ ಬೆರಳಚ್ಚು ತೆಗೆಸು, ಡಿಎನ್‌ಎಗೆ ರಕ್ತ ಅಥವಾ ದವಡೆ ಹಲ್ಲು ತೆಗೆದಿರಿಸಲು ವೈದ್ಯರನ್ನು ಕೇಳು. ವಾರಸುದಾರರಿಲ್ಲದ ಶವವನ್ನು ಸುಡಿಸಬೇಡ, ಹೂಳಿಸು, ಜಾಗಕ್ಕೆ ನಂಬರ್ ಹಾಕಿಸು. ಅಪರಾಧ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್ 194ನೇ ಕಲಮಿನ ವರದಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಆ ಅವಸರದಲ್ಲಿ ಇವು ಯಾವುವೂ ಬಿಟ್ಟುಹೋಗಬಾರದು.

ವಿಷದ ಅನುಮಾನವಿದ್ದರೆ ಮೈಬಣ್ಣವನ್ನು ಸ್ಥಳದಲ್ಲೇ ನೋಡು. ಸತ್ತ ಮೇಲೆ ರಕ್ತ ಕೆಳಗಿಳಿದು ಚರ್ಮದಲ್ಲಿ ಮೂಡುವ ಕಲೆ ಸಯನೈಡಿನಲ್ಲಿ ಕೆಂಪಗೆ, ಚೆರ್ರಿ ಹಣ್ಣಿನ ಬಣ್ಣಕ್ಕೆ ತಿರುಗಬಹುದು. ಕಪ್ಪು ಚರ್ಮದಲ್ಲಿ ಕಾಣದಿದ್ದರೆ ಉಗುರಿನ ಬುಡ, ತುಟಿಯ ಒಳಭಾಗ ನೋಡು. ಶೈತ್ಯಾಗಾರದಲ್ಲಿಟ್ಟ ಹೆಣವೂ ಕೆಂಪಾಗುತ್ತದೆ, ಆಮೇಲೆ ನೋಡಿ ಪ್ರಯೋಜನವಿಲ್ಲ. ಕಹಿ ಬಾದಾಮಿ ವಾಸನೆ ಎಲ್ಲರ ಮೂಗಿಗೂ ಸಿಕ್ಕುವುದಿಲ್ಲ, ಸಿಬ್ಬಂದಿಗೆ ಮೂಸಿ ನೋಡಲು ಹೇಳಲೇಬೇಡ. ವೈದ್ಯರಿಗೆ ಕೊಡುವ ಕೋರಿಕೆ ಪತ್ರದಲ್ಲಿ ಬರೀ ‘ವಿಷ’ ಎಂದು ಬರೆಯದೆ ‘ಸಯನೈಡ್ ಶಂಕೆ’ ಎಂದೇ ಬರೆ. ಜಠರ ಮತ್ತು ಅದರೊಳಗಿನದು, ಸಣ್ಣ ಕರುಳಿನ ಮೇಲ್ಭಾಗ 30 ಸೆಂ.ಮೀ., ಯಕೃತ್ತು 500 ಗ್ರಾಂ, ಎರಡೂ ಮೂತ್ರಪಿಂಡದ ಅರ್ಧರ್ಧ, ಜೊತೆಗೆ ರಕ್ತ, ಇಷ್ಟನ್ನು ತೆಗೆಯುವುದು ರೂಢಿ. ಫಾರ್ಮಲಿನ್ ಹಾಕಬಾರದು. ಸಯನೈಡ್ ಹಾರಿಹೋಗುತ್ತದೆ, ಒಡೆದೂ ಹೋಗುತ್ತದೆ. ಬಿಗಿ ಮುಚ್ಚಳ ಹಾಕಿ, ತಣ್ಣಗಿಟ್ಟು, ಬೇಗ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಕಳಿಸು. ಮಾಲ್‌ಖಾನೆಯಲ್ಲಿ ತಿಂಗಳಾನುಗಟ್ಟಲೆ ಕೂತ ಬಾಟಲಿಯಿಂದ ‘ವಿಷ ಕಂಡುಬಂದಿಲ್ಲ’ ಎಂಬ ವರದಿ ಬಂದರೆ ಅದನ್ನು ನಂಬಿ ಕಡತ ಮುಚ್ಚಬೇಡ.

ಇನ್ನು ಕಾಣೆಯಾದವರ ದೂರು. 2009ರ ಜೂನ್‌ನಲ್ಲಿ ಬಂಟ್ವಾಳದ ಬರಿಮಾರಿನ ಯುವತಿ ಕಾಣೆಯಾದಾಗ ಬೇರೆ ಧರ್ಮದವನ ಜೊತೆ ಓಡಿಹೋದಳೆಂದು ಸುದ್ದಿ ಹಬ್ಬಿ, ಜನ ಠಾಣೆಯ ಮೇಲೇರಿ ಹೋದರು. ಆ ಗಲಾಟೆ ಇಲ್ಲದಿದ್ದರೆ ಕಾಲ್ ಡೀಟೇಲ್ಸ್ ತೆಗೆಸುತ್ತಿದ್ದರೋ ಇಲ್ಲವೋ. ಅವಳು ರಾತ್ರಿ ಮಾತಾಡುತ್ತಿದ್ದ ನಂಬರ್ ಇನ್ನೊಬ್ಬ ಹುಡುಗಿಯದು, ಅವಳೂ ಕಾಣೆ. ಅವಳ ಪಟ್ಟಿ ತೆಗೆದರೆ ಮತ್ತೊಬ್ಬಳು, ಅವಳೂ ಕಾಣೆ. ಮೊದಲು ವೇಶ್ಯಾವಾಟಿಕೆ ಜಾಲವಿರಬೇಕೆಂದು ಲಾಡ್ಜ್‌ಗಳನ್ನು ಜಾಲಾಡಿದರು. ಕೊನೆಗೆ ಸತ್ತವರಲ್ಲೊಬ್ಬಳ ಫೋನ್ ದೇರಳಕಟ್ಟೆಯಲ್ಲಿ ಮತ್ತೆ ಜೀವ ತಳೆಯಿತು. ಅದನ್ನು ಹಿಡಿದಿದ್ದ ಹುಡುಗ, ಮಾವ ಕೊಟ್ಟಿದ್ದು ಎಂದ. ಆ ಮಾವನೇ ಮೋಹನ. ಅಕ್ಟೋಬರ್ 21ಕ್ಕೆ ಮೋಹನನ ಬಂಧನವಾಯಿತು.

ಇದರಿಂದ ನಿನಗೆ ಬೇಕಾದ್ದು ಇಷ್ಟು. ದೂರು ಕೊಡಲು ಬಂದ ಅಪ್ಪ ಅಮ್ಮನಿಗೆ, ಮಗಳ ಸಿಮ್ ಬ್ಲಾಕ್ ಮಾಡಿಸಬೇಡಿ, ಡೂಪ್ಲಿಕೇಟ್ ಸಿಮ್ಮೂ ತೆಗೆಯಬೇಡಿ ಎಂದು ಅವತ್ತೇ ಹೇಳು. ಮೊಬೈಲ್ ಡಬ್ಬಿ ಮನೆಯಲ್ಲಿದ್ದರೆ ಅದರ ಮೇಲಿನ ಐಎಂಇಐ, ಅಂದರೆ ಸೆಟ್ಟಿನ ಗುರುತಿನ ಸಂಖ್ಯೆ, ಬರೆದುಕೊ. ನಂಬರ್ ಸತ್ತರೂ ಸೆಟ್ ಬೇರೆ ಸಿಮ್ ಹಾಕಿಕೊಂಡು ಏಳುತ್ತದೆ, ಆಗ ಐಎಂಇಐ ಒಂದೇ ದಾರಿ. ಕಂಪನಿಗಳು ಕರೆ ದಾಖಲೆ ಇಟ್ಟುಕೊಳ್ಳಬೇಕಾದ್ದು ಎರಡು ವರ್ಷ ಮಾತ್ರ, ನಾಳೆ ಕೇಳೋಣ ಎಂದರೆ ನಿನ್ನೆಯದು ಸಿಗುವುದಿಲ್ಲ. ಬಂದ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನು ಅವತ್ತೇ ಪಡೆ. ಒಡವೆಯ ವಿವರವನ್ನು ‘ಚಿನ್ನದ ಸರ’ ಎಂದು ಬರೆಸಬೇಡ; ಎಷ್ಟು ಗ್ರಾಂ, ಯಾವ ಮಾದರಿ, ಮದುವೆ ಮನೆ ಫೋಟೋದಲ್ಲಿ ಹಾಕಿಕೊಂಡಿದ್ದಾಳಾ ಕೇಳು. ಗಿರವಿ ಅಂಗಡಿಯ ಪುಸ್ತಕದಲ್ಲಿ ಹುಡುಕಬೇಕಾದ್ದು ಅದನ್ನೇ.

ಕೋರ್ಟಿನಲ್ಲಿ ಇಪ್ಪತ್ತೂ ಒಂದೇ ಕೇಸಾಗಲಿಲ್ಲ, ಒಬ್ಬೊಬ್ಬಳದೂ ಬೇರೆ ಬೇರೆ ವಿಚಾರಣೆ. ಪ್ರತಿಯೊಂದಕ್ಕೂ ಹೆಣ ಅವಳದ್ದೇ ಎಂಬ ಗುರುತು, ಜೊತೆಗೆ ನೋಡಿದವರ ಸಾಕ್ಷಿ ಬೇರೆ ಬೇರೆಯಾಗಿ ಬೇಕು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಮರಣದಂಡನೆ, 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನು ಸಾಯುವವರೆಗಿನ ಜೀವಾವಧಿಗೆ ಇಳಿಸಿತು. ಕೊನೆಯ ಕೇಸಿನ ತೀರ್ಪು ಬರುವಾಗ 2020. ಊರು ದಾಟಿ ಹೂತ ಹುಡುಗಿಯನ್ನು ಹಳೇ ಮಹಜರಿನ ಫೋಟೋ, ಸೀರೆ ನೋಡಿ ತಾಯಿ ಗುರುತು ಹಿಡಿಯಬೇಕು. ಆ ಮಹಜರು ಬರೆದವನಿಗೆ ಇದು ಅವತ್ತು ಹೊಳೆದಿರಲಿಕ್ಕಿಲ್ಲ.

ಈ ವಾರ ಬಿಡುವಾದಾಗ ನಿನ್ನ ಠಾಣೆಯ ಐದು ವರ್ಷದ ಅಪರಿಚಿತ ಹೆಂಗಸರ ಯುಡಿಆರ್‌ಗಳನ್ನು ರೈಟರ್ ಕೈಲಿ ತೆಗೆಸಿ, ಅಕ್ಕಪಕ್ಕದ ಜಿಲ್ಲೆಗಳ ಕಾಣೆ ಪಟ್ಟಿಯನ್ನು ಪೊಲೀಸರ ಕಂಪ್ಯೂಟರ್ ಜಾಲವಾದ ಸಿಸಿಟಿಎನ್‌ಎಸ್‌ನಿಂದ ಇಳಿಸಿಕೊಂಡು ಎದುರಿಗಿಟ್ಟುಕೋ. ವಯಸ್ಸು, ಎತ್ತರ, ತಾರೀಖು ಮೂರನ್ನು ಮೊದಲು ಹೊಂದಿಸಿ ನೋಡು. ಸೀರೆಯ ಬಣ್ಣ ಆಮೇಲೆ, ಮನೆಯವರು ಬಣ್ಣ ತಪ್ಪು ಹೇಳುವುದು ಹೆಚ್ಚು.

ಊಟದ ಹೊತ್ತಿಗೆ ಊಟ ಮಾಡು.

ನಿನ್ನ
ದೊಡ್ಡಪ್ಪ