ಬೈಯಬೇಕಾದ್ದು ಕೌಂಟರಿನ ಹುಡುಗಿಯನ್ನಲ್ಲ

ಮಾನ್ಯ ಸಂಪಾದಕರೇ,

ಸಾಲ ಕೇಳಲು ಹೋದವರಿಗೆ ಬ್ಯಾಂಕಿನವರು ವಿಮೆ ಪಾಲಿಸಿಯನ್ನೂ ಕಟ್ಟಿ ಕಳಿಸುತ್ತಾರೆ ಎಂದು ಜನ ಬೈಯುತ್ತಾರೆ. ಬೈಯಬೇಕಾದ್ದೇ. ಆದರೆ ಆ ಬೈಗುಳ ಕೌಂಟರಿನಲ್ಲಿ ಕೂತ ಹುಡುಗಿಯ ತನಕ ಬಂದು ನಿಲ್ಲುತ್ತದೆ, ಮಾರು ಎಂದು ಅವಳಿಗೆ ಹೇಳಿದವರನ್ನು ಮುಟ್ಟುವುದೇ ಇಲ್ಲ.

ನಾನು ಶಾಖೆಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಇನ್ನೇನು ಹೊರಡಬೇಕು ಅನ್ನುವಾಗ ವಿಡಿಯೊ ಕಾನ್ಫರೆನ್ಸ್ ಶುರುವಾಗುತ್ತಿತ್ತು. ರೀಜನಲ್ ಆಫೀಸಿನವರು ಒಬ್ಬೊಬ್ಬ ಮ್ಯಾನೇಜರನ್ನೂ ಹೆಸರು ಹಿಡಿದು ಕರೆದು ಇವತ್ತು ಎಷ್ಟು ಪಾಲಿಸಿ ಎಂದು ಕೇಳುವುದು, ಸೊನ್ನೆ ಅಂದರೆ ಎಲ್ಲರೆದುರು ಮರ್ಯಾದೆ ತೆಗೆಯುವುದು, ಮೇಲಿಂದ ದೂರದ ಊರಿಗೆ ಟ್ರಾನ್ಸ್‌ಫರ್ ಮಾಡುವ ಬೆದರಿಕೆ. ಶಾಖೆ ಇರುವ ಊರಲ್ಲಿ ಮಳೆ ಆಗಿದೆಯಾ, ಅಲ್ಲಿ ಎಷ್ಟು ಜನ ಸಿಬ್ಬಂದಿ ಇದ್ದಾರೆ, ಇದನ್ನೆಲ್ಲ ಯಾರೂ ಕೇಳುತ್ತಿರಲಿಲ್ಲ. ಹೀಗೆ ಬೈಸಿಕೊಂಡ ಮ್ಯಾನೇಜರ್ ಮರುದಿನ ಬೆಳೆಸಾಲಕ್ಕೆ ಬಂದ ರೈತನ ಮುಂದೆ ಪಾಲಿಸಿ ಫಾರಂ ಇಡದೆ ಇನ್ನೇನು ಮಾಡಿಯಾನು?

2023ರ ಜೂನ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಕೋಲ್ಕತ್ತದ ಅಧಿಕಾರಿಯೊಬ್ಬರು ಇಂಥದ್ದೇ ಮೀಟಿಂಗಿನಲ್ಲಿ ಕೂಗಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಅವರನ್ನು ಅಮಾನತು ಮಾಡಿದರು. ಸರಿ, ಆದರೆ ಇಷ್ಟು ಮಾರಲೇಬೇಕು ಎಂಬ ಟಾರ್ಗೆಟ್ ಅವರ ತಲೆ ಮೇಲೆ ಹೊರಿಸಿದವರು ಯಾರು? ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲೂ ಹೀಗೇ ಆಯಿತು. ಟಾರ್ಗೆಟ್ ಒತ್ತಡಕ್ಕೆ ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಾಂತರ ಖಾತೆ ತೆರೆದಿದ್ದು 2016ರಲ್ಲಿ ದೊಡ್ಡ ಸುದ್ದಿಯಾಯಿತು. ಅಷ್ಟರಲ್ಲಿ ಬ್ಯಾಂಕು ಸುಮಾರು 5,300 ಮಂದಿಯನ್ನು ಮನೆಗೆ ಕಳಿಸಿಯಾಗಿತ್ತು. ಸಿಇಒ ಕುರ್ಚಿ ಬಿಟ್ಟಿದ್ದು ಅದಾದ ಮೇಲೆ, ಸಂಸತ್ತಿನಲ್ಲಿ ಛೀಮಾರಿ ಹಾಕಿಸಿಕೊಂಡ ನಂತರ.

ನಮ್ಮ ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ಅದೂ ಮಾರಾಟವೇ. ಆದರೆ ಜನ ನಂಬಿ ಕೊಡುತ್ತಿದ್ದರು, ಯಾಕಂದ್ರೆ ಅದು ಅವರಿಗೆ ಬೇಕಾದ ಉಳಿತಾಯವಾಗಿತ್ತು.

ಸಂಜೆ ಆರರ ಮೇಲೆ ವಿಡಿಯೊ ಮೀಟಿಂಗ್ ಬೇಡ. ನಡೆಯುವ ಮೀಟಿಂಗೆಲ್ಲ ರೆಕಾರ್ಡ್ ಆಗಲಿ. ಸುಳ್ಳು ಹೇಳಿ ಪಾಲಿಸಿ ಮಾರಿದ ದೂರು ಬಂದರೆ ಅದು ರೀಜನಲ್ ಮುಖ್ಯಸ್ಥರ ಬಡ್ತಿ ಫೈಲಿಗೂ ಸೇರಲಿ. ಗ್ರಾಹಕರೂ ತಿಳಿದಿರಲಿ, ಬೇಡದ ಜೀವವಿಮೆ ಪಾಲಿಸಿಯನ್ನು ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು, ಸಣ್ಣಪುಟ್ಟ ಖರ್ಚು ಕಳೆದು ಉಳಿದ ಹಣ ವಾಪಸ್ ಬರುತ್ತದೆ.

– ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ