ಗಾರ್ಡ್ ಬಿಚ್ಚಿದ್ದು ಯಾಕೆ ಅಂತಲೂ ಕೇಳಿ

ಮಾನ್ಯ ಸಂಪಾದಕರೇ,

ತಗಡು ಒತ್ತಿ ಕತ್ತರಿಸುವ ಪ್ರೆಸ್ ಮಷಿನ್‌ಗೆ ಸಿಕ್ಕಿ ಬೆರಳು ಹೋಯಿತು ಎಂಬ ಸುದ್ದಿಯ ಕೊನೆಗೆ ‘ಕಾರ್ಮಿಕನ ಅಜಾಗರೂಕತೆಯೇ ಕಾರಣ ಎನ್ನಲಾಗಿದೆ’ ಅಂತ ಬರೆದಿರುತ್ತಾರೆ. ಹಾಗೆ ಅಂದವರು ಯಾರು ಅಂತ ಮಾತ್ರ ಇರುವುದಿಲ್ಲ.

ನಾನು ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಶೆಡ್‌ನಲ್ಲಿ ಟೂಲ್ ರೂಮ್ ಫಿಟ್ಟರ್. ಮೊದಲು ಬೇರೆ ಕಡೆ ಪ್ರೆಸ್ ಓಡಿಸುತ್ತಿದ್ದೆ. ಅಲ್ಲಿ ಮಷಿನ್‌ಗೆ ಕೈ ಒಳಗೆ ಹೋಗದ ಹಾಗೆ ತಡೆಯುವ ಗಾರ್ಡ್ ಇತ್ತು. ನಾಲ್ಕು ಬೋಲ್ಟ್ ಹಾಕಿ ಬಿಗಿದ ದಪ್ಪ ತಗಡು. ಒಳಗೆ ಏನೂ ಕಾಣುತ್ತಿರಲಿಲ್ಲ. ತಗಡನ್ನು ಕತ್ತರಿಸುವ ಅಚ್ಚು, ಅಂದರೆ ಡೈಯಲ್ಲಿ, ಚೂರು ಸಿಕ್ಕಿಕೊಳ್ಳುವುದು ಗಂಟೆಗೆ ಮೂರ್ನಾಲ್ಕು ಸಲ. ಪ್ರತಿ ಸಲ ಸ್ಪ್ಯಾನರ್ ಹುಡುಕಿ, ಬಿಚ್ಚಿ, ಚೂರು ತೆಗೆದು, ಮತ್ತೆ ಬಿಗಿಯುತ್ತಾ ಕೂತರೆ ಪ್ರೊಡಕ್ಷನ್ ಎಲ್ಲಿಂದ ಬರಬೇಕು? ಒಂದೇ ವಾರದಲ್ಲಿ ಗಾರ್ಡ್ ಮೂಲೆ ಸೇರಿತು. ಕೈ ಒಳಗೆ ಇರದಿರಲಿ ಅಂತ ಎರಡೂ ಕೈಯಿಂದ ಒತ್ತಬೇಕಾದ ಬಟನ್‌ಗಳಲ್ಲಿ ಒಂದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿಬಿಟ್ಟಿದ್ದೆವು. ಪಕ್ಕದ ಮಷಿನ್ ಹುಡುಗನ ತೋರುಬೆರಳು ಹೋದದ್ದು ಹಾಗೆ. ಅವನಿಗೆ ಅಜಾಗರೂಕ ಅಂತ ಹೆಸರು ಬಂತು. ಆ ಗಾರ್ಡ್‌ನ ಡ್ರಾಯಿಂಗ್ ಮಾಡಿದವರು ಯಾರು ಅಂತ ಯಾರೂ ಕೇಳಲಿಲ್ಲ.

ಐಎಸ್‌ಒ 12100 ಅಂತ ಮಷಿನ್ ಸುರಕ್ಷತೆಗೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ನಮ್ಮ ದೇಶದಲ್ಲಿ ಅದೇ ಐಎಸ್ 16819. ಮೊದಲು ಡಿಸೈನ್‌ನಲ್ಲೇ ಅಪಾಯ ತೆಗೆಯಿರಿ, ಉಳಿದದ್ದಕ್ಕೆ ಗಾರ್ಡ್, ಸೆನ್ಸರ್ ಹಾಕಿ, ಎಚ್ಚರಿಕೆ ಬೋರ್ಡು ಕೊನೆಗೆ ಅನ್ನುತ್ತದೆ ಅದು. ನಮ್ಮಲ್ಲಿ ಬೋರ್ಡೇ ಮೊದಲು, ಅದೂ ಎಷ್ಟೋ ಕಡೆ ಇಂಗ್ಲಿಷ್‌ನಲ್ಲಿ! ಜನ ಮಷಿನ್ ಅನ್ನು ಹೇಗೆಲ್ಲ ತಪ್ಪಾಗಿ ಬಳಸಬಹುದು ಅಂತ ಡಿಸೈನ್ ಮಾಡುವವರೇ ಊಹಿಸಬೇಕು ಅಂತಲೂ ಅದರಲ್ಲಿದೆ. ಗಂಟೆಗೆ ನಾಲ್ಕು ಸಲ ಕೈ ಹಾಕುವ ಕಡೆ ಬೋಲ್ಟ್ ಬಿಗಿದರೆ ಬಿಚ್ಚಿಡುತ್ತಾರೆ ಅಂತ ಊಹಿಸೋದು ಅಷ್ಟು ಕಷ್ಟವಾ?

ಖರ್ಚು ಜಾಸ್ತಿ ಅನ್ನುತ್ತಾರೆ. ಈಚೆಗೆ ನಾವು ವಾಷರ್ ಡೈ ಒಂದನ್ನು ಮಾಡುವಾಗ ಸ್ಟ್ರೋಕ್, ಅಂದರೆ ಮೇಲಿನ ಡೈ ಎದ್ದು ಇಳಿಯುವ ದೂರ, ಕಡಿಮೆ ಮಾಡಿ, ಅದು ಎಷ್ಟೇ ಎದ್ದರೂ ಸಂದಿ 5 ಮಿ.ಮೀ. ದಾಟದ ಹಾಗೆ ಮಾಡಿದೆವು. ಅದರಲ್ಲಿ ಬೆರಳು ತೂರುವುದಿಲ್ಲ. ಡೈಯ ತೂತನ್ನು ಕೆಳಕ್ಕೆ ಹೋಗುತ್ತಾ ಅಗಲ ಮಾಡಿದ್ದರಿಂದ ಚೂರು ತಾನಾಗೇ ಉದುರುತ್ತದೆ. ಹಿಡಿದದ್ದು ಅರ್ಧ ದಿನದ ಕೆಲಸ, ಅಷ್ಟೇ. ಎಲ್ಲ ಕೆಲಸಕ್ಕೂ ಇದು ಆಗಲ್ಲ, ಗೊತ್ತು. ಆಳವಾಗಿ ಒತ್ತುವ ಕೆಲಸಕ್ಕೆ ದೊಡ್ಡ ಸ್ಟ್ರೋಕ್ ಬೇಕೇ ಬೇಕು. ಅಲ್ಲಿ ತೆರೆದ ತಕ್ಷಣ ಮಷಿನ್ ನಿಲ್ಲುವಂಥ, ಒಳಗಡೆ ಕಾಣುವಂಥ ಗಾರ್ಡ್ ಕೊಡಲಿ.

ಇದು ಹೊಸ ವಿಚಾರವೂ ಅಲ್ಲ. ತಿರುಗುವ ಶಾಫ್ಟ್‌ನ ಮೇಲೆ ಬೋಲ್ಟ್, ಕೀ ಚಾಚಿಕೊಂಡಿರುವ ಮಷಿನ್ ಮಾರಿದವರಿಗೂ ಶಿಕ್ಷೆ ಅಂತ 1948ರ ಕಾರ್ಖಾನೆ ಕಾಯ್ದೆಯ 26ನೇ ಸೆಕ್ಷನ್‌ನಲ್ಲೇ ಬರೆದಿದ್ದರು. ಓಡಿಸಿದವನ ಮೇಲೆ ತಪ್ಪು ಹಾಕಿ ಸುಮ್ನೆ ಆಗಿಬಿಡುವುದು ನಾವು ಆಮೇಲೆ ಕಲಿತದ್ದು.

ವಸಂತನರಸಾಪುರದಲ್ಲಿ ಮಷಿನ್ ಟೂಲ್ ಪಾರ್ಕೇ ಇದೆ. ಮಷಿನ್ ಮಾಡುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಡ್ರಾಯಿಂಗ್ ಮುಗಿಸುವ ಮೊದಲು ಒಂದು ದಿನ ಆಪರೇಟರ್ ಪಕ್ಕ ನಿಂತು ನೋಡಲಿ. ನಿಮ್ಮ ವರದಿಗಾರರೂ ಮುಂದಿನ ಸಲ ಮಷಿನ್‌ಗೆ ಗಾರ್ಡ್ ಇತ್ತಾ, ಬಿಚ್ಚಿದ್ದರೆ ಯಾಕೆ ಬಿಚ್ಚಿದರು ಅಂತ ಎರಡು ಪ್ರಶ್ನೆ ಕೇಳಿ ಬರೆಯಲಿ.

– ಒಬ್ಬ ಟೂಲ್ ರೂಮ್ ಫಿಟ್ಟರ್, ತುಮಕೂರು